ಸಭಾಧ್ಯಕ್ಷರ ಕುರ್ಚಿ, ಬಾರಿನ ಬೀಗ ಮತ್ತು ಶಾಸಕರ ಹಕ್ಕು

ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗಳಲ್ಲಿ ಜಮಾ-ಖರ್ಚಿನ ಲೆಕ್ಕ ಓದುವ ಹೊತ್ತಿಗೆ ಒಂದಿಷ್ಟು ಗದ್ದಲವಾಗುವುದು ನಿಮಗೆ ಹೊಸದೇನೂ ಅಲ್ಲ. ಚಹಾ-ತಿಂಡಿಯ ಖರ್ಚು ಇಷ್ಟೇಕೆ ಎಂದು ಒಬ್ಬರು ಏಳುತ್ತಾರೆ, ಕುಳಿತುಕೊಳ್ಳಿ ಎಂದು ಇನ್ನೊಬ್ಬರು ಕೂಗುತ್ತಾರೆ, ಕೊನೆಗೆ ಊಟದ ಹೊತ್ತಿಗೆ ಎಲ್ಲರೂ ಒಂದಾಗುತ್ತಾರೆ. ಅದು ನಮ್ಮ ಸಂಪ್ರದಾಯ. ಆದರೆ ಯಾರಾದರೂ ವೇದಿಕೆ ಹತ್ತಿ ಅಧ್ಯಕ್ಷರ ಕುರ್ಚಿಯನ್ನೇ ಎತ್ತಿ ಕೆಳಗೆ ಉರುಳಿಸಿದರು, ಮೈಕನ್ನು ಕಿತ್ತೆಸೆದರು ಎಂದಿಟ್ಟುಕೊಳ್ಳಿ. ಪೊಲೀಸರು ಬರುತ್ತಾರೆ. ಆಗ ಆ ಮಹಾಶಯರು, 'ನಾನು ಈ ಸಭೆಯ ಸದಸ್ಯ, ಸಭೆಯ ಒಳಗೆ ನಡೆದದ್ದಕ್ಕೆ ನೀವು ಯಾರು ಕೇಳುವವರು?' ಎಂದರೆ ಠಾಣೆಯ ಇನ್ಸ್‌ಪೆಕ್ಟರು ನಕ್ಕು, ಅವರನ್ನು ಜೀಪಿಗೆ ಹತ್ತಿಸಿಯಾರು.

ಇದೇ ಮಾತನ್ನು ಒಂದು ರಾಜ್ಯದ ಶಾಸಕರು ಹೇಳಿದರು. ಅವರ ಪರವಾಗಿ ಒಂದು ರಾಜ್ಯ ಸರಕಾರವೇ ಕೆಳಗಿನ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಅದರ ಹಿಂದೆ ಇದ್ದದ್ದು ಮದ್ಯದ ಅಂಗಡಿಗಳ ಸನ್ನದು. ಹೋಟೆಲು ಉದ್ಯಮದಲ್ಲಿರುವ ನಮ್ಮವರ ಸಂಖ್ಯೆ ಮುಂಬಯಿ, ಪುಣೆಗಳಲ್ಲಿ ಕಡಿಮೆಯೇನಿಲ್ಲ. ಪರ್ಮಿಟ್ ರೂಮಿನ ಎಫ್.ಎಲ್. 3 ಲೈಸೆನ್ಸಿನ ನವೀಕರಣ ಎಂದರೆ ಏನೆಂದು ಅವರಿಗೆ ನಾನು ವಿವರಿಸಬೇಕಾಗಿಲ್ಲ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದಾಗ ಟೇಪು ಹಿಡಿದು ರಸ್ತೆ ಅಳೆದವರಲ್ಲಿ ನಮ್ಮ ಬಂಧುಗಳೂ ಇದ್ದರು. ಆದುದರಿಂದ ಇದು ನೆರೆಮನೆಯ ಕಥೆಯಾದರೂ ನಮ್ಮ ಮನೆಗೆ ಕೇಳಿಸುವಷ್ಟು ಹತ್ತಿರದ್ದು. ನಮ್ಮ ಕಾಸರಗೋಡಿನವರಿಗಂತೂ ಅದು ಅವರದೇ ವಿಧಾನಸಭೆ.

ಲಡ್ಡು ಹಂಚಿದ ದಿನ

ದಿನಾಂಕ 13 ಮಾರ್ಚ್ 2015, ಶುಕ್ರವಾರ. ಸ್ಥಳ ತಿರುವನಂತಪುರದ ಕೇರಳ ವಿಧಾನಸಭೆ. ಕೇರಳ ಕಾಂಗ್ರೆಸ್ (ಎಂ) ಪಕ್ಷದ ನಾಯಕ, ಹಣಕಾಸು ಮಂತ್ರಿ ಕೆ.ಎಂ. ಮಾಣಿಯವರು ಆ ದಿನ ತಮ್ಮ ಹದಿಮೂರನೆಯ ಬಜೆಟ್ ಮಂಡಿಸಬೇಕಾಗಿತ್ತು. 1965ರಿಂದ ಪಾಲಾ ಕ್ಷೇತ್ರವನ್ನು ಬಿಡದೆ ಪ್ರತಿನಿಧಿಸಿದ ಹಿರಿಯರು. ಅವರ ಮೇಲೆ ಲಂಚದ ಆರೋಪವಿದೆ, ಅವರು ಬಜೆಟ್ ಓದಕೂಡದು ಎಂದು ಎಡರಂಗದ ಶಾಸಕರು ಹಟ ಹಿಡಿದಿದ್ದರು. ಹಿಂದಿನ ರಾತ್ರಿಯೇ ಅವರು ಸದನದಲ್ಲಿ ಠಿಕಾಣಿ ಹೂಡಿದರು. ಅವರು ದಾರಿ ಕಟ್ಟಿಯಾರೆಂದು ಮಂತ್ರಿಗಳೂ ವಿಧಾನಸಭೆಯ ಕಟ್ಟಡದಲ್ಲೇ ರಾತ್ರಿ ಕಳೆದರು. ಸಭಾಧ್ಯಕ್ಷ ಎನ್. ಶಕ್ತನ್ ಅವರು ಆ ಸ್ಥಾನಕ್ಕೆ ಆಯ್ಕೆಯಾಗಿ ಒಂದೇ ದಿನವಾಗಿತ್ತು, ಪಾಪ.

ಬೆಳಿಗ್ಗೆ ಏನಾಯಿತೆಂಬುದನ್ನು ಟಿ.ವಿ.ಯಲ್ಲಿ ದೇಶವೆಲ್ಲ ನೋಡಿತು. ಕೆಲವು ಶಾಸಕರು ಸಭಾಧ್ಯಕ್ಷರ ವೇದಿಕೆ ಏರಿದರು. ಕುರ್ಚಿ ಕೆಳಗುರುಳಿತು. ಮೈಕು, ಕಂಪ್ಯೂಟರು, ತುರ್ತು ದೀಪ, ಇಲೆಕ್ಟ್ರಾನಿಕ್ ಫಲಕ ಎಲ್ಲವೂ ಪುಡಿಯಾದವು. ಮಾಣಿಯವರು ಕಾವಲುಗಾರರ ಮತ್ತು ತಮ್ಮ ಪಕ್ಷದವರ ಕೋಟೆಯ ನಡುವೆ ಒಳಬಂದು, ಬಜೆಟ್ಟಿನ ಕೆಲವು ಭಾಗಗಳನ್ನು ಓದಿ, ಮಂಡಿಸಿದ್ದಾಯಿತು ಎಂದರು. ಆಳುವ ಪಕ್ಷದವರು ಸದನದಲ್ಲೇ ಲಡ್ಡು ಹಂಚಿ ಸಂಭ್ರಮಿಸಿದರು. ಆಮೇಲೆ ಶಾಸಕಾಂಗ ಕಾರ್ಯದರ್ಶಿಗಳು ಮ್ಯೂಸಿಯಂ ಪೊಲೀಸ್ ಠಾಣೆಗೆ ದೂರು ಕೊಟ್ಟರು. ನಷ್ಟದ ಲೆಕ್ಕ 2,20,093 ರೂಪಾಯಿ. ಆರು ಮಂದಿ ಶಾಸಕರ ಮೇಲೆ ಅತಿಕ್ರಮ ಪ್ರವೇಶ, ಹಾನಿ ಮತ್ತು ಸಾರ್ವಜನಿಕ ಆಸ್ತಿ ನಷ್ಟದ ಮೊಕದ್ದಮೆ ದಾಖಲಾಯಿತು.

ಈ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಎರಡು ಲಕ್ಷ ಚಿಲ್ಲರೆಯ ಕೇಸಿನಲ್ಲಿ ಮುಂದೆ ಮೂರು ನ್ಯಾಯಾಲಯಗಳಲ್ಲಿ ವಾದಿಸಿದ ವಕೀಲರ ಶುಲ್ಕ ಎಷ್ಟಾಗಿರಬಹುದೆಂದು ನೀವೇ ಊಹಿಸಿ.

ಬೀಗ ಬಿದ್ದ 418 ಬಾರುಗಳು

ಮಾಣಿಯವರ ಮೇಲಿದ್ದ ಆರೋಪವೇನು? ಅದನ್ನು ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋಗಬೇಕು. 2014ರ ಏಪ್ರಿಲಿನಲ್ಲಿ ಹೊಸ ಅಬಕಾರಿ ವರ್ಷ ಆರಂಭವಾದಾಗ ಕೇರಳ ಸರಕಾರ 418 ಬಾರುಗಳ ಸನ್ನದನ್ನು ನವೀಕರಿಸಲಿಲ್ಲ. ಅವು ಗುಣಮಟ್ಟದಲ್ಲಿಲ್ಲ ಎಂಬುದು ಕಾರಣ. ಬಾಗಿಲಿಗೆ ಬೀಗ ಬಿತ್ತು. ಆಗಸ್ಟಿನಲ್ಲಿ ಉಮ್ಮನ್ ಚಾಂಡಿಯವರ ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ 312 ಬಾರುಗಳನ್ನೂ ಮುಚ್ಚುವುದೆಂದು ನಿರ್ಧರಿಸಿತು. ಕೇರಳದಲ್ಲಿ ಸಾರಾಯಿಯನ್ನು ಎ.ಕೆ. ಆಂಟನಿಯವರ ಸರಕಾರ 1996ರಲ್ಲೇ ನಿಲ್ಲಿಸಿತ್ತು. ಈಗ ಬಾರುಗಳ ಸರದಿ. ಚರ್ಚುಗಳು, ಮಹಿಳಾ ಸಂಘಟನೆಗಳು ಸ್ವಾಗತಿಸಿದವು, ಬಾರು ಮಾಲಿಕರು ಕೋರ್ಟಿಗೆ ಹೋದರು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸರಕಾರದ ನೀತಿಯನ್ನೇ ಎತ್ತಿ ಹಿಡಿಯಿತು.

ಈ ನಡುವೆ, 2014ರ ಅಕ್ಟೋಬರ್ ಕೊನೆಯಲ್ಲಿ, ಬಾರು ಮಾಲಿಕರ ಸಂಘದ ಪದಾಧಿಕಾರಿ ಬಿಜು ರಮೇಶ್ ಎಂಬವರು ಒಂದು ಬಾಂಬು ಸಿಡಿಸಿದರು. ಮುಚ್ಚಿದ ಬಾರುಗಳನ್ನು ತೆರೆಸಲು ಹಣಕಾಸು ಮಂತ್ರಿಗಳು 5 ಕೋಟಿ ಕೇಳಿದ್ದರು, 1 ಕೋಟಿ ಕೊಟ್ಟದ್ದಾಗಿದೆ ಎಂದರು. ಮಾಣಿಯವರು ಕೊನೆಯವರೆಗೂ ಅದನ್ನು ಅಲ್ಲಗಳೆದರು. ವಿಜಿಲೆನ್ಸ್ ಇಲಾಖೆ ಕೇಸು ದಾಖಲಿಸಿತು, ಸಾಕ್ಷ್ಯವಿಲ್ಲ ಎಂದು ವರದಿ ಕೊಟ್ಟಿತು, ಮತ್ತೆ ತನಿಖೆಯಾಗಲಿ ಎಂದು ನ್ಯಾಯಾಲಯ ಹೇಳಿತು. 2015ರ ನವೆಂಬರ್ 10ರಂದು, ಹೈಕೋರ್ಟಿನ ಕಟುವಾದ ಮಾತುಗಳ ನಂತರ, ಮಾಣಿಯವರು ರಾಜೀನಾಮೆ ಕೊಟ್ಟರು. ಆರೋಪ ಸಾಬೀತಾಗಲಿಲ್ಲ. 2019ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು.

ನಾನು ಇಲ್ಲಿ ಯಾರು ತಪ್ಪು, ಯಾರು ಸರಿ ಎಂಬ ತೀರ್ಪು ಕೊಡಲು ಕುಳಿತಿಲ್ಲ. ನೀವು ಗಮನಿಸಬೇಕಾದದ್ದು ಆ ವ್ಯಾಪಾರದ ಸ್ವರೂಪವನ್ನು. ಒಂದು ಕಿರಾಣಿ ಅಂಗಡಿಯವನಿಗೆ ಮಂತ್ರಿಯ ಕೃಪೆ ಬೇಕಾಗಿಲ್ಲ. ಅಕ್ಕಿ ಮಾರುವುದಕ್ಕೆ ವರ್ಷವರ್ಷವೂ ಯಾರ ಬಾಗಿಲೂ ಕಾಯಬೇಕಾಗಿಲ್ಲ. ಮದ್ಯದ ವ್ಯಾಪಾರ ಹಾಗಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 8ನೆಯ ಅಂಶ ಮಾದಕ ಪಾನೀಯಗಳದ್ದು, 51ನೆಯದು ಅವುಗಳ ಮೇಲಿನ ಅಬಕಾರಿ ಸುಂಕದ್ದು. 2017ರಲ್ಲಿ ಜಿ.ಎಸ್.ಟಿ. ಬಂದು ಅಕ್ಕಿಯಿಂದ ಆಭರಣದವರೆಗೆ ಎಲ್ಲವೂ ಒಂದೇ ಚಾಪೆಯ ಮೇಲೆ ಬಂದಾಗಲೂ ಕುಡಿಯುವ ಮದ್ಯವನ್ನು ರಾಜ್ಯಗಳು ಬಿಟ್ಟುಕೊಡಲಿಲ್ಲ. ಕೈಗಾರಿಕಾ ಮದ್ಯಸಾರದ ಮೇಲಿನ ಅಧಿಕಾರವೂ ರಾಜ್ಯಗಳದ್ದೇ ಎಂದು 2024ರ ಅಕ್ಟೋಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಿಂದ ಹೇಳಿತು. ಆ ಒಂದು ಭಿನ್ನ ಮತ ನಮ್ಮ ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ ಅವರದು.

ಅಂದರೆ ಬಾಟಲಿಯ ಬೆಲೆ, ಅಂಗಡಿಯ ಸಮಯ, ಶಾಲೆಯಿಂದ ದೂರ, ಶುಷ್ಕ ದಿನ, ಸನ್ನದಿನ ಶುಲ್ಕ, ಎಲ್ಲವೂ ರಾಜಧಾನಿಯ ಒಂದು ಕೋಣೆಯಲ್ಲಿ, ಒಂದು ಸಹಿಯಿಂದ ನಿರ್ಧಾರವಾಗುವಂಥವು. ಒಂದು ಸಹಿಗೆ 418 ಬಾರುಗಳ ಭವಿಷ್ಯ ತೂಗಿಬಿದ್ದಿರುವಾಗ ಆ ಕೋಣೆಯ ಹೊರಗೆ ಜನ ನೆರೆಯದೆ ಇದ್ದರೆ ಆಶ್ಚರ್ಯ. ಇಂಗ್ಲಿಷಿನಲ್ಲಿ ಇದಕ್ಕೆ ಲಾಬಿ ಎನ್ನುತ್ತಾರೆ. ಶಬ್ದದ ಮೂಲಾರ್ಥ ಪಡಸಾಲೆ ಎಂದಷ್ಟೇ. ಪಡಸಾಲೆಯಲ್ಲಿ ನಿಂತು ಮಾತಾಡಿಸುವುದು ತಪ್ಪಲ್ಲ. ಮನವಿ ಕೊಡುವುದು ನಮ್ಮ ನಿಮ್ಮೆಲ್ಲರ ಹಕ್ಕು. ಕನ್ನಡ ಶಾಲೆಯ ಅನುದಾನಕ್ಕೆ ನಮ್ಮ ಸಂಘಗಳು ಮಂತ್ರಾಲಯದ ಮೆಟ್ಟಿಲು ಹತ್ತುವುದೂ ಒಂದು ಬಗೆಯ ಲಾಬಿಯೇ. ಆದರೆ ಯಾರು ಯಾರನ್ನು ಕಂಡರು, ಎಷ್ಟು ಹಣ ಯಾರಿಂದ ಸಂಗ್ರಹವಾಯಿತು ಎಂದು ಬರೆದಿಡಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ.

ಸ್ಯಾಕ್ರಮೆಂಟೊದ ಹೋಟೆಲು ಕೋಣೆ

ಅಮೆರಿಕದಲ್ಲಿ ಈ ಕಾನೂನು ಉಂಟು. ಅದು ಬಂದ ಬಗೆ ಬಹಳ ಸ್ವಾರಸ್ಯದ್ದು, ಸ್ವಲ್ಪ ಅಡ್ಡದಾರಿ ಹಿಡಿದು ಹೇಳಿಯೇ ಮುಂದೆ ಹೋಗುತ್ತೇನೆ.

ಅಲ್ಲಿ 1933ರ ಡಿಸೆಂಬರಿನಲ್ಲಿ ದೇಶವ್ಯಾಪಿ ಪಾನನಿಷೇಧ ಕೊನೆಗೊಂಡಾಗ ಮದ್ಯದ ನಿಯಂತ್ರಣ ಆಯಾ ರಾಜ್ಯಗಳ ಪಾಲಿಗೆ ಬಂತು. ನಮ್ಮಲ್ಲಿಯಂತೆಯೇ. ಕೂಡಲೇ ಮದ್ಯದ ವ್ಯಾಪಾರಿಗಳ ದೃಷ್ಟಿ ವಾಷಿಂಗ್ಟನ್ನಿನಿಂದ ರಾಜ್ಯಗಳ ರಾಜಧಾನಿಗಳತ್ತ ಹೊರಳಿತು. ಕ್ಯಾಲಿಫೋರ್ನಿಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಬಿಯರ್ ತಯಾರಕರ ಸಂಘದ ಪ್ರತಿನಿಧಿಯಾಗಿ ನಿಂತವನು ಆರ್ಥರ್ ಸಾಮಿಷ್. ಭಾರೀ ದೇಹ, ಅಬ್ಬರದ ನಗು. ವಿಧಾನಭವನದ ಎದುರಿಗೇ ಇದ್ದ ಸೆನೆಟರ್ ಹೋಟೆಲಿನಲ್ಲಿ ಅವನ ಕೋಣೆಗಳು. ಶಾಸಕರಿಗೆ ಅಲ್ಲಿ ಊಟ, ಮದ್ಯ ಎರಡೂ ಧರ್ಮಾರ್ಥ. ಬಿಯರ್ ಕಂಪೆನಿಗಳು ಪೀಪಾಯಿಗೆ ಐದು ಸೆಂಟಿನಂತೆ ಅವನ ನಿಧಿಗೆ ಕಟ್ಟುತ್ತಿದ್ದವು. ಆ ನಿಧಿಯಿಂದ ಚುನಾವಣೆಯಲ್ಲಿ ತನಗೆ ಬೇಕಾದವರನ್ನು ಗೆಲ್ಲಿಸುವುದು, ಬೇಡದವರನ್ನು ಸೋಲಿಸುವುದು ಅವನ ಕಸುಬು. ಯಾವ ಶಾಸಕನಿಗೆ ಏನು ಬೇಕು, ಒಳ್ಳೆಯ ಊಟವೇ, ಹೆಣ್ಣೇ, ಹಣವೇ ಎಂಬುದನ್ನು ನೋಡಿದೊಡನೆ ಹೇಳಬಲ್ಲೆ ಎಂದು ಅವನು ಜಂಬ ಕೊಚ್ಚುತ್ತಿದ್ದ. ಅವನ ಗಿರಾಕಿಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ರಾಜ್ಯಪಾಲರಿಗಿಂತ ಅವನಿಗೇ ಹೆಚ್ಚು ಅಧಿಕಾರವಿದೆ ಎಂದು ಸ್ವತಃ ಆಗಿನ ರಾಜ್ಯಪಾಲ ಅರ್ಲ್ ವಾರೆನ್ ಒಪ್ಪಿಕೊಂಡಿದ್ದರು. ಅಲ್ಲಿಯ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಿದ್ದಂತೆ.

ಅವನನ್ನು ಕೆಡವಿದ್ದು ಅವನ ಜಂಬವೇ. 1949ರಲ್ಲಿ ಕಾಲಿಯರ್ಸ್ ಎಂಬ ವಾರಪತ್ರಿಕೆಯವರು ಬಂದಾಗ, ಮಾತಾಡುವ ಗೊಂಬೆಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇವನೇ ನಮ್ಮ 'ಶಾಸನಸಭೆ ಮಹಾಶಯ' ಎಂದು ಗೊಂಬೆಯ ಕುಶಲ ವಿಚಾರಿಸುತ್ತಾ ಫೋಟೋ ತೆಗೆಸಿಕೊಂಡ. ಲಂಚ ತಿಂದದ್ದಕ್ಕೆ ಬಾರದ ನಾಚಿಕೆ ಶಾಸಕರಿಗೆ ಗೊಂಬೆಯ ಫೋಟೋ ನೋಡಿ ಬಂತು! ಅದೇ ವರ್ಷದ ಕೊನೆಗೆ ವಿಶೇಷ ಅಧಿವೇಶನದಲ್ಲಿ ಲಾಬಿಗಾರರ ನೋಂದಣಿಯ ಕಾನೂನು ಪಾಸಾಯಿತು. 1953ರಲ್ಲಿ ಸಾಮಿಷ್ ಆದಾಯ ತೆರಿಗೆ ವಂಚನೆಗಾಗಿ ಶಿಕ್ಷೆಗೊಳಗಾಗಿ ಎರಡು ವರ್ಷಕ್ಕೂ ಮೇಲ್ಪಟ್ಟು ಜೈಲಿನಲ್ಲಿದ್ದ. ಲಂಚಕ್ಕಲ್ಲ, ತೆರಿಗೆಗೆ. ಮುಂದೆ 1974ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ನೇರವಾಗಿ ಮತ ಹಾಕಿ, ಲಾಬಿಗಾರನು ಒಬ್ಬ ಶಾಸಕನಿಗೆ ತಿಂಗಳಿಗೆ 10 ಡಾಲರಿಗಿಂತ ಹೆಚ್ಚು ಉಣಿಸಕೂಡದೆಂದು ಕಟ್ಟು ಮಾಡಿದರು. ಎರಡು ಹ್ಯಾಂಬರ್ಗರು, ಒಂದು ಕೋಕ್, ಅಷ್ಟಕ್ಕೆ ಸರಿ. ಫ್ಲಾರಿಡಾ ರಾಜ್ಯ 2005ರ ಕೊನೆಗೆ ಅದನ್ನೂ ಬೇಡವೆಂದಿತು.

ಕುಡಿದು ಕಾರು ಓಡಿಸಿದ ಶಾಸಕನ ವಾದವೂ ಅಮೆರಿಕದ್ದೇ. 2005ರ ಫೆಬ್ರವರಿಯಲ್ಲಿ ಜಾರ್ಜಿಯ ರಾಜ್ಯದ ಶಾಸಕ ಡೇವಿಡ್ ಗ್ರೇವ್ಸ್ ಅವರನ್ನು ಮದ್ಯ ಸೇವಿಸಿ ವಾಹನ ಚಲಾಯಿಸಿದ ಆರೋಪದ ಮೇಲೆ ಪೊಲೀಸರು ಹಿಡಿದರು. ಅವರು ಮದ್ಯದ ಉದ್ಯಮದ ಮೇಲ್ವಿಚಾರಣೆ ನಡೆಸುವ ಸಮಿತಿಯ ಅಧ್ಯಕ್ಷರು ಬೇರೆ! ಅಧಿವೇಶನಕ್ಕೆ ಅಥವಾ ಸಮಿತಿಯ ಸಭೆಗೆ ಹೋಗುವಾಗ, ಬರುವಾಗ ಶಾಸಕರನ್ನು ಬಂಧಿಸಬಾರದೆಂದು ಅಲ್ಲಿಯ ರಾಜ್ಯ ಸಂವಿಧಾನ ಹೇಳುತ್ತದೆ. ತಾವು ಇತರ ಶಾಸಕರೊಂದಿಗೆ ಊಟ ಮಾಡಿ ಬರುತ್ತಿದ್ದುದು ಶಾಸನಸಭೆಯ ಕೆಲಸವೇ, ಆದ್ದರಿಂದ ಬಂಧನ ಅಸಿಂಧು ಎಂಬುದು ಅವರ ವಕೀಲರ ವಾದ. ನ್ಯಾಯಾಧೀಶರು ಒಪ್ಪಲಿಲ್ಲ. ಅರಿಜೋನಾದಲ್ಲಿ 2018ರಲ್ಲಿ ಪಾಲ್ ಮೋಸ್ಲಿ ಎಂಬ ಶಾಸಕರು 55 ಮೈಲಿಯ ಮಿತಿಯಿದ್ದಲ್ಲಿ 97 ಮೈಲಿಯಲ್ಲಿ ಓಡಿಸಿ ಸಿಕ್ಕಿಬಿದ್ದು, ಕೆಲವೊಮ್ಮೆ ಇದಕ್ಕಿಂತಲೂ ಜೋರಾಗಿ ಹೋಗುತ್ತೇನೆ, ನನಗೆ ವಿನಾಯಿತಿ ಇದೆ ಎಂದು ಪೊಲೀಸನಿಗೇ ಹೇಳಿದರು. ಪೊಲೀಸನ ಮೈಮೇಲಿದ್ದ ಕ್ಯಾಮೆರಾ ಅದನ್ನು ನುಂಗಿಕೊಂಡಿತ್ತು. ಅದೇ ವರ್ಷ ಸ್ವಪಕ್ಷದ ಮತದಾರರೇ ಅವರನ್ನು ಮನೆಗೆ ಕಳಿಸಿದರು. ಈ ವಿನಾಯಿತಿ ಸಿವಿಲ್ ಬಂಧನಕ್ಕೆ ಮಾತ್ರ, ಯಾವ ಅಪರಾಧಕ್ಕೂ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಅಲ್ಲಿಯ ಕೇಂದ್ರ ಸಂವಿಧಾನದ ಇಂಥದೇ ಮಾತಿನ ಬಗ್ಗೆ 1908ರಷ್ಟು ಹಿಂದೆಯೇ ಹೇಳಿಯಾಗಿತ್ತು. ಆದರೂ ನೂರು ವರ್ಷದ ನಂತರ ಆ ಮಾತನ್ನು ಮತ್ತೆ ಮತ್ತೆ ಜೇಬಿನಿಂದ ತೆಗೆಯುವವರು ಇದ್ದೇ ಇದ್ದಾರೆ.

ಹಕ್ಕು ಹುಟ್ಟಿದ್ದು ಹೀಗೆ

ಹಾಗಾದರೆ ಶಾಸಕರಿಗೆ ಯಾವ ವಿಶೇಷ ಹಕ್ಕೂ ಬೇಡವೇ? ಬೇಕು. ಅದು ಬಂದದ್ದು ರಕ್ತ ತೆತ್ತು. ಇಂಗ್ಲೆಂಡಿನಲ್ಲಿ 1629ರ ಮಾರ್ಚ್ 2ರಂದು ಒಂದನೆಯ ಚಾರ್ಲ್ಸ್ ದೊರೆ ಪಾರ್ಲಿಮೆಂಟನ್ನು ಮುಂದೂಡಲು ಹೇಳಿ ಕಳಿಸಿದ. ಸಭಾಧ್ಯಕ್ಷ ಫಿಂಚ್ ಎದ್ದು ನಿಂತರೆ ಸಭೆ ಮುಗಿದಂತೆ. ಅದಕ್ಕಾಗಿ ಇಬ್ಬರು ಸದಸ್ಯರು ಅವನನ್ನು ಕುರ್ಚಿಯಲ್ಲೇ ಒತ್ತಿ ಹಿಡಿದು, ದೊರೆಯ ತೆರಿಗೆಗಳನ್ನು ಖಂಡಿಸುವ ನಿರ್ಣಯ ಮುಗಿಯುವ ತನಕ ಏಳಗೊಡಲಿಲ್ಲ. ಅವರ ನಾಯಕ ಸರ್ ಜಾನ್ ಎಲಿಯಟ್ ಸೆರೆಮನೆ ಸೇರಿ 1632ರಲ್ಲಿ ಅಲ್ಲೇ ಸತ್ತ. ಪಾರ್ಲಿಮೆಂಟಿನಲ್ಲಿ ಆಡಿದ ಮಾತನ್ನು ಹೊರಗಿನ ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂಬ ನಿಯಮ 1689ರ ಹಕ್ಕುಗಳ ಮಸೂದೆಯಲ್ಲಿ ಸೇರಿದ್ದು ಈ ನೆನಪಿನಿಂದ. ಅಂದು ಸದಸ್ಯರು ಸಭೆ ನಡೆಯಲೆಂದು ಸಭಾಧ್ಯಕ್ಷನನ್ನು ಕುರ್ಚಿಯಲ್ಲಿ ಕೂರಿಸಿದರು. ತಿರುವನಂತಪುರದಲ್ಲಿ ಸಭೆ ನಡೆಯಬಾರದೆಂದು ಕುರ್ಚಿಯನ್ನೇ ಉರುಳಿಸಿದರು. ಹೋಲಿಕೆ ಇಷ್ಟಕ್ಕೇ ಸಾಕು.

ನಮ್ಮ ಸಂವಿಧಾನದಲ್ಲಿ ರಾಜ್ಯದ ಶಾಸಕರ ಹಕ್ಕುಗಳು 194ನೆಯ ಅನುಚ್ಛೇದದಲ್ಲಿವೆ. ಸಂಸತ್ ಸದಸ್ಯರದ್ದು 105ರಲ್ಲಿ. ಸದನದಲ್ಲಿ ವಾಕ್‌ಸ್ವಾತಂತ್ರ್ಯವಿದೆ. ಅಲ್ಲಿ ಆಡಿದ ಮಾತಿಗೆ, ಕೊಟ್ಟ ಮತಕ್ಕೆ ಯಾವ ನ್ಯಾಯಾಲಯದಲ್ಲೂ ಕ್ರಮವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 135-ಎ ಕಲಮಿನ ಪ್ರಕಾರ ಅಧಿವೇಶನ ನಡೆಯುವಾಗ ಮತ್ತು ಅದಕ್ಕೆ 40 ದಿನ ಮುಂಚೆ, 40 ದಿನ ನಂತರ ಸಿವಿಲ್ ದಾವೆಯಲ್ಲಿ ಬಂಧನವಿಲ್ಲ. ಕ್ರಿಮಿನಲ್ ಆರೋಪದಲ್ಲಿ ಶಾಸಕರಿಗೂ ನಿಮಗೂ ವ್ಯತ್ಯಾಸವಿಲ್ಲ. ಬಂಧಿಸಿದರೆ ಸಭಾಧ್ಯಕ್ಷರಿಗೆ ತಿಳಿಸಬೇಕು, ಅಷ್ಟೆ. ಆದರೆ 194ರ ಮೂರನೆಯ ಉಪಖಂಡದಲ್ಲಿ 'ಇತರ ಹಕ್ಕುಗಳು' ಎಂಬ ಒಂದು ದೊಡ್ಡ ಚೀಲವಿದೆ. ಅವನ್ನು ಶಾಸನ ಮಾಡಿ ಪಟ್ಟಿ ಮಾಡಬೇಕೆಂದು ಸಂವಿಧಾನ ರಚಿಸಿದವರ ನಿರೀಕ್ಷೆ. ಅದನ್ನು ಮಾಡುವ ಉತ್ಸಾಹ ಯಾವ ಪಕ್ಷಕ್ಕೂ ಬರಲಿಲ್ಲ. ಪಟ್ಟಿ ಮಾಡಿದರೆ ಚೀಲ ಚಿಕ್ಕದಾದೀತಲ್ಲ! ನಮ್ಮ ಕರ್ನಾಟಕದ ವಿಧಾನಸಭೆ 2017ರ ಜೂನಿನಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ ಎಂದು ಠರಾವು ಮಾಡಿದ್ದು ಇದೇ ಚೀಲದಿಂದ. ತಮ್ಮ ವಿರುದ್ಧ ಬರೆದರೆಂದು ದೂರಿದವರೂ ಶಾಸಕರು, ವಿಚಾರಿಸಿದವರೂ ಶಾಸಕರು, ಶಿಕ್ಷೆ ವಿಧಿಸಿದವರೂ ಶಾಸಕರು.

ಲಂಚ ಪಡೆದು ಸದನದಲ್ಲಿ ಮತ ಹಾಕಿದರೆ? 1993ರ ಜುಲೈ 28ರಂದು ಪಿ.ವಿ. ನರಸಿಂಹರಾಯರ ಸರಕಾರ ಅವಿಶ್ವಾಸ ನಿರ್ಣಯವನ್ನು 265-251 ಮತಗಳಿಂದ ಗೆದ್ದದ್ದು ನಮ್ಮಲ್ಲಿ ಹಿರಿಯರಿಗೆಲ್ಲ ನೆನಪಿದೆ. ಝಾರ್ಖಂಡ್ ಮುಕ್ತಿ ಮೋರ್ಚಾದ ಸದಸ್ಯರಿಗೆ ಹಣ ಕೊಟ್ಟ ಆರೋಪ ಬಂತು. 1998ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು 3-2ರಿಂದ ಹೇಳಿದ್ದೇನೆಂದರೆ, ಲಂಚ ಪಡೆದು ಮಾತಿನಂತೆ ಮತ ಹಾಕಿದವರಿಗೆ ರಕ್ಷಣೆ ಉಂಟು; ಕೊಟ್ಟವರಿಗೆ ಇಲ್ಲ; ಪಡೆದೂ ಮತ ಹಾಕದೆ ಉಳಿದವರಿಗೂ ಇಲ್ಲ. ಅಂದರೆ ಲಂಚದಲ್ಲಿಯೂ ಪ್ರಾಮಾಣಿಕನಾಗಿದ್ದವನಿಗೆ ಮಾತ್ರ ಬಿಡುಗಡೆ! ನ್ಯಾಯಮೂರ್ತಿಗಳ ಉದ್ದೇಶ ಸದನದ ಸ್ವಾತಂತ್ರ್ಯವನ್ನು ಕಾಯುವುದೇ ಆಗಿತ್ತು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಜನರಿಗೆ ಅರ್ಥವಾದದ್ದು ಇಷ್ಟು. ಈ ತೀರ್ಪು ಕಾಲು ಶತಮಾನ ಬಾಳಿತು. 2012ರ ರಾಜ್ಯಸಭಾ ಚುನಾವಣೆಯಲ್ಲಿ ಹಣ ಪಡೆದರೆಂಬ ಆರೋಪ ಹೊತ್ತ ಝಾರ್ಖಂಡಿನ ಶಾಸಕಿ ಸೀತಾ ಸೊರೇನ್ ಅದನ್ನೇ ಆಶ್ರಯಿಸಿ ಬಂದಾಗ, 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹಳೆಯ ತೀರ್ಪನ್ನು ಬದಿಗಿಟ್ಟಿತು. ಹಣ ಕೈಗೆ ಬಂದ ಕ್ಷಣದಲ್ಲೇ ಅಪರಾಧ ಪೂರ್ತಿಯಾಯಿತು; ಮತ ಯಾರಿಗೆ ಹಾಕಿದರು ಎಂಬುದು ಬೇರೆ ಮಾತು ಎಂದಿತು. ನಮ್ಮ ಕೊಡಗಿನ ನ್ಯಾ. ಎ.ಎಸ್. ಬೋಪಣ್ಣನವರು ಆ ಪೀಠದಲ್ಲಿದ್ದರು.

ಮತ್ತೆ ತಿರುವನಂತಪುರಕ್ಕೆ

2016ರಲ್ಲಿ ಕೇರಳದಲ್ಲಿ ಎಡರಂಗ ಅಧಿಕಾರಕ್ಕೆ ಬಂತು. 2017ರ ಜುಲೈಯಿಂದ ಮೂರು ತಾರೆಯ ಹೋಟೆಲುಗಳಿಗೂ ಬಾರು ತೆರೆಯಲು ಅನುಮತಿ ಸಿಕ್ಕಿತು. 2018ರಲ್ಲಿ ಸರಕಾರ, ವಿಧಾನಸಭೆಯ ಗಲಾಟೆಯ ಕೇಸನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಆಗಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 321ನೆಯ ಕಲಮಿನಲ್ಲಿ ಸರಕಾರಿ ವಕೀಲರಿಗೆ ಆ ಅಧಿಕಾರವಿತ್ತು, ಆದರೆ ನ್ಯಾಯಾಲಯದ ಒಪ್ಪಿಗೆ ಬೇಕಿತ್ತು. ಮ್ಯಾಜಿಸ್ಟ್ರೇಟರು 2020ರ ಸೆಪ್ಟೆಂಬರಿನಲ್ಲಿ ಒಪ್ಪಲಿಲ್ಲ. ಹೈಕೋರ್ಟು 2021ರ ಮಾರ್ಚಿನಲ್ಲಿ ಒಪ್ಪಲಿಲ್ಲ. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಆರು ಆರೋಪಿಗಳಲ್ಲಿ ಒಬ್ಬರಾದ ವಿ. ಶಿವನ್‌ಕುಟ್ಟಿಯವರು ರಾಜ್ಯದ ಶಿಕ್ಷಣ ಮಂತ್ರಿಗಳಾಗಿದ್ದರು. ಶಿಕ್ಷಣ!

ಈ ಕಥೆಯ ಅತ್ಯಂತ ರಂಜಕ ಘಟ್ಟ ಇನ್ನು ಮುಂದಿದೆ. ಮಾಣಿಯವರ ಮಗ ಜೋಸ್ ಕೆ. ಮಾಣಿಯವರ ಬಣ 2020ರ ಅಕ್ಟೋಬರಿನಲ್ಲಿ ಎಡರಂಗವನ್ನೇ ಸೇರಿತು. ಯಾರ ಬಜೆಟ್ಟನ್ನು ತಡೆಯಲು ಕುರ್ಚಿ ಉರುಳಿತೋ ಅವರ ಪಕ್ಷವೂ, ಉರುಳಿಸಿದವರ ಪಕ್ಷವೂ ಈಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರಕಾರದ ವಕೀಲರು, ಭ್ರಷ್ಟಾಚಾರದ ಆರೋಪವಿದ್ದ ಮಂತ್ರಿಯ ವಿರುದ್ಧ ಆದ ಪ್ರತಿಭಟನೆ ಅದು ಎಂದುಬಿಟ್ಟರು. ಮಿತ್ರಪಕ್ಷದವರು ಕೆಂಡವಾದರು. ಮುಂದಿನ ವಿಚಾರಣೆಯಲ್ಲಿ, ಪ್ರತಿಭಟನೆ ಆಗಿನ ಸರಕಾರದ ವಿರುದ್ಧ ಎಂದು ತಿದ್ದಿಕೊಳ್ಳಬೇಕಾಯಿತು. ಬಂಟರ ಸಭೆಯಾಗಲಿ ಬ್ರಾಹ್ಮಣರ ಸಭೆಯಾಗಲಿ, ಬೀಗರಾದ ಮೇಲೆ ಹಳೆಯ ಜಗಳದ ಮಾತೆತ್ತಬಾರದೆಂಬುದು ನಿಮಗೂ ಗೊತ್ತು.

2021ರ ಜುಲೈ 28ರಂದು ನ್ಯಾ. ಡಿ.ವೈ. ಚಂದ್ರಚೂಡ್ ಮತ್ತು ನ್ಯಾ. ಎಂ.ಆರ್. ಶಾ ಅವರ ಪೀಠ ಸರಕಾರದ ಅರ್ಜಿಯನ್ನು ತಳ್ಳಿಹಾಕಿತು. ಶಾಸಕರ ಹಕ್ಕು ಎಂಬುದು ಅವರು ತಮ್ಮ ಕೆಲಸವನ್ನು ಅಂಜಿಕೆಯಿಲ್ಲದೆ ಮಾಡಲಿ ಎಂದು ಇರುವಂಥದು. ದೇಶದ ಸಾಮಾನ್ಯ ಕಾನೂನಿನಿಂದ ತಪ್ಪಿಸಿಕೊಳ್ಳುವ ಬಾಗಿಲಲ್ಲ. ಸದನದ ಸೊತ್ತನ್ನು ಒಡೆಯುವುದು ವಾಕ್‌ಸ್ವಾತಂತ್ರ್ಯವಲ್ಲ. ಮೊಕದ್ದಮೆ ಹೂಡಲು ಸಭಾಧ್ಯಕ್ಷರ ಅನುಮತಿ ಬೇಕಾಗಿಲ್ಲ. ಘಟನೆಯ ವಿಡಿಯೊ ಸದನದ ಸೊತ್ತು, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ವಾದವೂ ನಿಲ್ಲಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆರೋಪಪಟ್ಟಿಯನ್ನು ಓದಿ ಹೇಳಿದಾಗ ಆರೋಪಿಗಳು ತಾವು ನಿರಪರಾಧಿಗಳೆಂದರು. ಗಲಾಟೆಯಾಗಿ ಅಷ್ಟರಲ್ಲಿ ಏಳು ವರ್ಷ ಮೀರಿತ್ತು.

ಕೇರಳದವರನ್ನು ನೋಡಿ ನಗುವ ಮೊದಲು ನಮ್ಮೂರಿನದೂ ಒಂದೆರಡು ಮಾತು. 1986ರ ಫೆಬ್ರವರಿ 13ರಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದು ಯಾತಕ್ಕೆ? ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕೊಟ್ಟ ರೀತಿಯನ್ನು ಹೈಕೋರ್ಟು ಟೀಕಿಸಿದ್ದಕ್ಕೆ. ಮೂರು ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು, ಆ ಮಾತು ಬೇರೆ. ಆದರೂ ಕೋರ್ಟು ಒಂದು ಮಾತೆಂದರೆ ರಾಜೀನಾಮೆ ಬರೆಯುವ ಕಾಲವೊಂದಿತ್ತಲ್ಲ ಎಂದು ಈಗ ಅನಿಸುತ್ತದೆ. ಕರ್ನಾಟಕದಲ್ಲಿ ಸಾರಾಯಿ ಪೂರ್ತಿ ನಿಂತದ್ದು 2007ರ ಜುಲೈ 1ರಿಂದ. ಅಲ್ಲಿಯವರೆಗೆ ಗುತ್ತಿಗೆದಾರರ ಹಣ ಯಾವ ಯಾವ ಚುನಾವಣೆಯಲ್ಲಿ ಎಲ್ಲೆಲ್ಲಿ ಹರಿಯಿತೆಂಬುದನ್ನು ಊರ ಚಾವಡಿಗಳಲ್ಲಿ ಜನ ಮಾತಾಡಿಕೊಂಡರೇ ಹೊರತು ಯಾವ ರಿಜಿಸ್ಟರಿನಲ್ಲೂ ಬರೆದಿಟ್ಟಿಲ್ಲ. ಪೀಪಾಯಿಗೆ ಐದು ಸೆಂಟಿನ ಲೆಕ್ಕವಾದರೂ ಸಾಮಿಷನ ಪುಣ್ಯದಿಂದ ಅಮೆರಿಕದವರಿಗೆ ಸಿಕ್ಕಿತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 2024ರ ಮೇ ತಿಂಗಳಲ್ಲಿ ಕೇರಳದ ಟಿ.ವಿ. ಚಾನೆಲ್ಲುಗಳಲ್ಲಿ ಒಂದು ಧ್ವನಿಮುದ್ರಿಕೆ ಬಂತು. ಬಾರು ಹೋಟೆಲು ಮಾಲಿಕರ ಸಂಘಟನೆಯ ಜಿಲ್ಲಾ ಮುಖಂಡರೊಬ್ಬರು, ಶುಷ್ಕ ದಿನ ತೆಗೆಸುವುದೂ ಸೇರಿದಂತೆ ಅನುಕೂಲವಾದ ಅಬಕಾರಿ ನೀತಿಗಾಗಿ ಪ್ರತಿಯೊಬ್ಬ ಮಾಲಿಕರೂ ಎರಡೂವರೆ ಲಕ್ಷ ರೂಪಾಯಿ ಕೊಡಬೇಕೆಂದು ತಮ್ಮವರಿಗೆ ಹೇಳುವ ಮಾತು ಅದರಲ್ಲಿತ್ತು. ಹಣ ಸಂಘದ ಕಟ್ಟಡಕ್ಕಾಗಿ ಎಂದು ಸಂಘದವರು ಸಮಜಾಯಿಷಿ ಕೊಟ್ಟರು. ನೀತಿಯ ಬಗ್ಗೆ ಇನ್ನೂ ಯಾವ ತೀರ್ಮಾನವೂ ಆಗಿಲ್ಲ ಎಂದು ಸರಕಾರ ಹೇಳಿತು, ತನಿಖೆಗೂ ಒಪ್ಪಿಸಿತು. ಜೂನಿನಲ್ಲಿ ವಿಧಾನಸಭೆ ಸೇರಿದಾಗ ವಿರೋಧಪಕ್ಷದವರು, ಅಂದರೆ 2015ರಲ್ಲಿ ಲಡ್ಡು ಹಂಚಿದ ಬದಿಯವರು, ಎದ್ದು ನಿಂತು ಅಬಕಾರಿ ಮಂತ್ರಿಯ ರಾಜೀನಾಮೆಗೆ ಕೂಗಿದರು.